ಮರ್ಸಿ ನದಿಯಡಿ ನೀರು ಕಾಯುವವರು

ಮೂವತ್ತೆಂಟು ವರ್ಷಗಳಿಂದ ರಾಣೆಬೆನ್ನೂರಿನಲ್ಲಿ ನನ್ನದೊಂದು ಪಂಪಿನ ಅಂಗಡಿ ಇದೆ. ಸುಟ್ಟುಹೋದ ಮೋಟಾರಿಗೆ ತಂತಿ ಸುತ್ತುವುದನ್ನು ಹದಿನಾರರ ವಯಸ್ಸಿನಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಕೂತು ಕಲಿತೆ. ಇಪ್ಪತ್ತಮೂರಕ್ಕೆ ಆ ಅಂಗಡಿಯ ಎದುರಿಗೇ ನನ್ನ ಬೋರ್ಡು ತೂಗುಹಾಕಿದೆ. ನೆಲದೊಳಗಿನ ನೀರನ್ನು ಮೇಲೆ ತರುವುದು ನನ್ನ ಕಸುಬು. ಹಾಗಾಗಿ ಇಡೀ ನದಿಯೊಂದನ್ನು ತಲೆಯ ಮೇಲೆ ಹೊತ್ತು, ಅದರ ಹನಿಯೂ ಕೆಳಗಿನ ರಸ್ತೆಗೆ ಬೀಳದಂತೆ ನೋಡಿಕೊಳ್ಳುವ ಊರಿನ ಬಗ್ಗೆ ಬರೆಯಲು ನನಗೆ ಸ್ವಲ್ಪ ಹಕ್ಕಿದೆ ಎಂದುಕೊಂಡಿದ್ದೇನೆ. ಹನಿಯೂ ಬೀಳುವುದಿಲ್ಲ ಎಂದದ್ದು ಅಷ್ಟು ಸರಿಯಲ್ಲ. ಹನಿಗಳ ವಿಷಯ ಮುಂದೆ ಬರುತ್ತದೆ.

ಇಂಗ್ಲೆಂಡಿಗೆ ಹೊರಟವರಿಗೆ ನನ್ನ ಮೊದಲ ಸಲಹೆ: ಸೀರೆ ಉಡುವವರು ಚಪ್ಪಟೆ ಅಟ್ಟೆಯ, ಹಿಂದೆ ಬಿಗಿಯಾಗಿ ಹಿಡಿಯುವ ಷೂ ಒಯ್ಯಿರಿ. ಎರಡನೆಯದು, ಯಾರಾದರೂ ‘ಜಾಗವಿಲ್ಲ’ ಎಂದರೆ ನಂಬಬೇಡಿ, ಇನ್ನೊಂದು ಸಲ ಕೇಳಿ. ಮೂರನೆಯ ಸಲಹೆ ನಾಣ್ಯದ ಕುರಿತಾದದ್ದು. ಅದನ್ನು ಈಗಲೇ ಹೇಳಲು ನಾಚಿಕೆಯಾಗುತ್ತದೆ.

ಎಜ್‌ಬಾಸ್ಟನ್, ಬುಧವಾರ

ನಂದಿನಿ ನನ್ನ ತಂಗಿ ಶೋಭಾಳ ಮಗಳು. ಏಳು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಈ ದೇಶಕ್ಕೆ ಬಂದವಳು. ಈಗ ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಬಡಾವಣೆಯ ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಆಪರೇಷನ್ನಿಗೆ ಬಂದವರನ್ನು ಮಲಗಿಸಿ, ಮುಗಿಯುವವರೆಗೆ ಅವರ ತಲೆಯ ಹತ್ತಿರ ಕೂತು ಉಸಿರು ಕಾಯುವ ಕೆಲಸ. ಬರ್ಮಿಂಗ್‌ಹ್ಯಾಮಿಗೆ ಬಂದಿಳಿದ ಮರುದಿನ ಅವಳಿಗೆ ರಜೆ ಇತ್ತು. ‘ಬಾ ದೊಡ್ಡವ್ವ, ಕಾಲುವೆ ತೋರಿಸ್ತೀನಿ’ ಎಂದು ಸೆಲ್ಲಿ ಓಕ್ ಕಡೆಯಿಂದ ಊರಿನೊಳಕ್ಕೆ ಹೋಗುವ ಕಾಲುವೆಯ ಏರಿಯ ಮೇಲೆ ನಡೆಸಿಕೊಂಡು ಹೋದಳು.

ನಮ್ಮ ಕಡೆ ತುಂಗಾ ಕಾಲುವೆಯ ಏರಿಯ ಮೇಲೆ ನಡೆದರೆ ಎದುರಿಗೆ ಎಮ್ಮೆ ಸಿಗುತ್ತದೆ. ಇಲ್ಲಿ ಸೈಕಲ್ಲುಗಳು ಸಿಕ್ಕವು, ಸಣ್ಣ ಗಂಟೆ ಬಾರಿಸಿ ‘ಥ್ಯಾಂಕ್ಯೂ’ ಎನ್ನುತ್ತ ಹೋದವು. ದೋಣಿಯ ಮೇಲೊಬ್ಬ ಮುದುಕ ಈರುಳ್ಳಿ ಹೆಚ್ಚುತ್ತ ಕೂತಿದ್ದ. ಮಳೆಯೂ ಅಲ್ಲ ಬಿಸಿಲೂ ಅಲ್ಲ ಎನ್ನುವಂಥ ಹವೆ. ವಿಶ್ವವಿದ್ಯಾಲಯದ ಗಡಿಯಾರ ಗೋಪುರ ಹಿಂದಾಗಿ ಸ್ವಲ್ಪ ಹೊತ್ತಿಗೆ ಕಾಲುವೆ ಒಂದು ಇಟ್ಟಿಗೆಯ ಸುರಂಗದೊಳಗೆ ಹೊಕ್ಕಿತು. ಬಲು ಗಿಡ್ಡ ಸುರಂಗ, ಆಚೆಯ ಬೆಳಕು ಈಚೆಯಿಂದಲೇ ಕಾಣುತ್ತದೆ. ನಾನು ನಡೆದೇ ಬಿಟ್ಟೆ. ನಾಲ್ಕು ಹೆಜ್ಜೆ ಹೋಗಿ ತಿರುಗಿದರೆ ನಂದಿನಿ ಸುರಂಗದ ಬಾಯಿಯಲ್ಲೇ ನಿಂತಿದ್ದಾಳೆ.

‘ದೊಡ್ಡವ್ವ, ನಾವು ಮೇಲಿಂದ ಹೋಗೋಣ. ಅಲ್ಲಿ ವ್ಯೂ ಚೆನ್ನಾಗಿದೆ.’

ಮೇಲೆ ಹೋದೆವು. ಅಲ್ಲಿ ಕಂಡದ್ದು ಒಂದು ರಸ್ತೆ, ಎರಡು ಬಸ್ಸು. ಗಿರಾಕಿಯ ಮುಖ ನೋಡಿ ಅವರ ಬಾವಿಯಲ್ಲಿ ಎಷ್ಟು ನೀರಿದೆ ಎಂದು ಹೇಳಬಲ್ಲವಳು ನಾನು. ಏನೋ ಇದೆ ಎಂದು ಗೊತ್ತಾಯಿತು, ಏನೆಂದು ಕೇಳಲಿಲ್ಲ.

ಮ್ಯಾಕಲ್ಸ್‌ಫೀಲ್ಡ್, ಶುಕ್ರವಾರ

ಶೋಭಾಳ ಗಂಡ ಮ್ಯಾಕಲ್ಸ್‌ಫೀಲ್ಡ್‌ನ ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಮನೆ ಸಣ್ಣದು, ಅಡುಗೆಮನೆ ಇನ್ನೂ ಸಣ್ಣದು. ಶೋಭಾ ರೊಟ್ಟಿ ಬಡಿಯಲು ಶುರುಮಾಡಿದರೆ ಗೋಡೆಯಾಚೆಯ ಮನೆಯವರು ‘ಎಲ್ಲ ಸರಿ ಇದೆಯಾ’ ಎಂದು ಬಂದು ಕೇಳಿದ್ದೂ ಉಂಟಂತೆ. ಈಗ ಅವರಿಗೂ ಶುಕ್ರವಾರ ಎರಡು ರೊಟ್ಟಿ ಹೋಗುತ್ತದೆ, ಯಾರೂ ಏನೂ ಕೇಳುವುದಿಲ್ಲ.

ನನ್ನನ್ನು ಕರೆತಂದ ನಂದಿನಿ ಮಹಡಿಯಲ್ಲಿ ಮಲಗಿದ್ದಾಗ ಶೋಭಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಆ ಸದ್ದಿನ ಮರೆಯಲ್ಲೇ ಹೇಳಿದಳು:

‘ಅಕ್ಕಾ, ನೀನರ ಒಂದ್ ಮಾತ್ ಹೇಳು ಅಕೀಗೆ. ಸೋಮವಾರದೊಳಗ ಹೂಂ ಅನ್ನಬೇಕು, ಇಲ್ಲಾಂದ್ರ ಆ ಕೆಲಸ ಬ್ಯಾರೆಯವರಿಗೆ ಹೋಗ್ತೈತಿ.’

ವಿಷಯ ಇಷ್ಟು. ನಂದಿನಿಯ ಗಂಡ ಕಿರಣ್‌ಗೆ ಲಿವರ್‌ಪೂಲಿನಲ್ಲಿ ಕೆಲಸ. ಒಂದು ವರ್ಷದಿಂದ ಅವನು ಅಲ್ಲಿ, ಇವಳು ಬರ್ಮಿಂಗ್‌ಹ್ಯಾಮಿನಲ್ಲಿ. ಲಿವರ್‌ಪೂಲಿನಲ್ಲಿ ಮನೆ ಕೊಂಡು ಮಾರ್ಟ್‌ಗೇಜ್‌ಗೆ ಸಹಿಯೂ ಹಾಕಿಯಾಗಿತ್ತು. ಆಮೇಲೆ ನಂದಿನಿಗೆ ಅವಳು ಬಯಸುತ್ತಿದ್ದ ಹಿರಿಯ ಡಾಕ್ಟರ ಹುದ್ದೆ ಸಿಕ್ಕಿತು. ಆದರೆ ಆ ಆಸ್ಪತ್ರೆ ಇರುವುದು ಮರ್ಸಿ ನದಿಯ ಆಚೆ ದಡದಲ್ಲಿ. ಆನ್-ಕಾಲ್ ಇದ್ದ ದಿನ, ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂದರೂ ಅರ್ಧ ಗಂಟೆಯೊಳಗೆ ಅಲ್ಲಿರಬೇಕು. ಅಷ್ಟು ಬೇಗ ಮುಟ್ಟಬೇಕಾದರೆ ನದಿಯ ಕೆಳಗಿನ ಸುರಂಗದಲ್ಲೇ ಕಾರು ಓಡಿಸಬೇಕು.

ಸಂದರ್ಶನದ ದಿನ ಅದೇ ಸುರಂಗದ ನಡುವೆ ಮುಂದೆಲ್ಲೋ ಒಂದು ಲಾರಿ ಕೆಟ್ಟು ನಿಂತು, ಸಾಲು ನಿಂತುಬಿಟ್ಟಿತಂತೆ. ಮುಕ್ಕಾಲು ಗಂಟೆ. ನಂದಿನಿಗೆ ಎದೆ ಬಿಗಿದು, ಬೆರಳು ಜುಮ್ಮೆಂದು, ಗಾಳಿ ಮುಗಿಯಿತು ಎನ್ನಿಸಿತಂತೆ. ಅಂದಿನಿಂದ ಸುರಂಗ ಎಂದರೆ ಕಾಲು ಏಳುವುದಿಲ್ಲ. ಸಂದರ್ಶನವನ್ನೇನೋ ಚೆನ್ನಾಗಿಯೇ ಮುಗಿಸಿದಳು, ಆಮೇಲೆ ದೂರದ ಸೇತುವೆ ಸುತ್ತಿ ಮನೆಗೆ ಬಂದಳು. ಗಂಡನಿಗೆ ಹೇಳಿಲ್ಲ. ಹೇಳಿದರೆ ಅವನು ತನ್ನ ಕೆಲಸ ಬಿಟ್ಟು ಬರುತ್ತೇನೆ ಎನ್ನುತ್ತಾನೆ ಎಂದು.

ನಾನು ವ್ಯಾಪಾರದ ತಲೆ ಓಡಿಸಿದೆ. ಸೇತುವೆ? ಬಲು ದೂರ. ರೈಲು? ಅದೂ ನದಿಯ ಕೆಳಗೇ ಹೋಗುತ್ತದೆ, ಸಾಲದ್ದಕ್ಕೆ ಇಡೀ ರಾತ್ರಿ ಇರುವುದಿಲ್ಲ. ದೋಣಿ? ಹಗಲಿಗೆ ಮಾತ್ರ. ಮನೆ ಮಾರಿ ಆಚೆ ದಡದಲ್ಲಿ ಕೊಳ್ಳುವುದು? ‘ಆಮೇಲೆ ಕಿರಣ ಈಚೆಗೆ ಬರೂದು ಹ್ಯಾಂಗ?’ ಎಂದಳು ಶೋಭಾ. ಅದೂ ಸರಿ.

ಸಂಜೆ ಚಹಾದ ಹೊತ್ತಿಗೆ ನಂದಿನಿಯನ್ನು ಹಿಡಿದೆ.

‘ನಿಮ್ಮವ್ವ ಹೇಳಿದ್ಲು.’

‘ಗೊತ್ತಿತ್ತು. ಅವಳು ರೊಟ್ಟಿ ಜಾಸ್ತಿ ಬಡಿದ್ರೆ ನನ್ನ ವಿಷಯಾನೇ ಮಾತಾಡ್ತಿರ್ತಾಳೆ.’

‘ನನಗ ಒಂದು ತಾಸು ಕೊಡು. ಆ ಸುರಂಗದೊಳಗ ಜನರನ್ನ ಕರಕೊಂಡು ಹೋಗಿ ತೋರಸ್ತಾರಂತ, ನಡಕೊಂಡು ಹೋಗಿ ನೋಡೂಣು, ಒಳಗಿನ ಯಂತ್ರ ಎಲ್ಲಾ. ನೋಡಿದ ಮ್ಯಾಲೂ ಆಗೂದಿಲ್ಲ ಅಂದಿ ಅಂದ್ರ, ಆ ಕೆಲಸ ಬ್ಯಾಡ ಅನ್ನೂದು ಶಾಣ್ಯಾತನ ಅಂತ ನಿಮ್ಮವ್ವಗ ನಾನಽ ಹೇಳ್ತೀನಿ. ಅಕೀ ಮುಂದ ನಿನ್ನ ಪಾರ್ಟಿ ನಾನು.’

‘ನಿಜವಾಗ್ಲೂ? ಅವಳು ಅತ್ರೂ?’

‘ಅತ್ರೂ.’

ಪಂಪು ಮಾರುವಾಗ ನಾನು ಬಳಸುವ ಉಪಾಯವೇ ಇದು. ಹೆದರಿದ ಗಿರಾಕಿಗೆ ಗ್ಯಾರಂಟಿ ಕಾರ್ಡು ತೋರಿಸಬಾರದು, ಯಂತ್ರ ಬಿಚ್ಚಿ ಒಳಗೆ ತೋರಿಸಬೇಕು.

ಲಿವರ್‌ಪೂಲ್ ದಡ, ಶನಿವಾರ ಬೆಳಗ್ಗೆ

ಕಿರಣ್ ಆಫೀಸಿನ ಕೆಲಸದ ಮೇಲೆ ಲೀಡ್ಸ್‌ಗೆ ಹೋಗಿದ್ದ, ಅದೂ ಒಳ್ಳೆಯದೇ ಆಯಿತು. ಮರ್ಸಿ ನದಿಯ ದಂಡೆಯಲ್ಲಿ ಕಿಟಕಿಯೇ ಇಲ್ಲದಂಥ ಒಂದು ಎತ್ತರದ ಬಿಳಿಯ ಗೋಪುರವಿದೆ. ದೂರದಿಂದ ನೋಡಿ ಯಾವುದೋ ದೇವರದ್ದು ಎಂದುಕೊಂಡೆ. ಅದು ಸುರಂಗದ ಮೂಗು. ಅದರೊಳಗಿನ ಬೀಸಣಿಗೆಗಳು ನದಿಯಡಿಯ ರಸ್ತೆಗೆ ಗಾಳಿ ಕಳಿಸುತ್ತವೆ. ಒಳಗೆ ಹೋಗಿ ನೋಡುವವರ ಗುಂಪು ಅಲ್ಲಿಂದಲೇ ಹೊರಡುತ್ತದೆ.

ಬಾಗಿಲಲ್ಲಿ ಟೆರಿ ಎಂಬ ಎಪ್ಪತ್ತರ ಮುದುಕ ಪಟ್ಟಿ ಹಿಡಿದು ನಿಂತಿದ್ದ. ಸುರಂಗದಲ್ಲೇ ದುಡಿದು ನಿವೃತ್ತನಾಗಿ, ಮನೆಯಲ್ಲಿ ಕೂರಲಾಗದೆ ಈಗ ಜನರಿಗೆ ಅದನ್ನು ತೋರಿಸುತ್ತಾನೆ. ಅವನ ಇಂಗ್ಲಿಷ್ ನನಗೆ ಅರ್ಧ ತಿಳಿಯಿತು, ಮಿಕ್ಕರ್ಧ ನಂದಿನಿ ಹೇಳಿದಳು.

‘ಸಾರಿ, ಕ್ವೀನ್. ಇವತ್ತು ಭರ್ತಿ.’

ರಾಣಿ ಎಂದು ಗೇಲಿ ಮಾಡುತ್ತಿದ್ದಾನೆ ಎಂದು ನಾನು ಸೆರಗು ಬಿಗಿದೆ. ಹಿಂದೆ ಬಂದ ಇನ್ನೊಬ್ಬ ಹೆಂಗಸಿಗೂ ‘ಕ್ವೀನ್’ ಎಂದ. ಈ ಊರಿನಲ್ಲಿ ಹೆಂಗಸರನ್ನು ಕರೆಯುವುದೇ ಹಾಗಂತೆ, ನಮ್ಮ ಕಡೆ ‘ಅವ್ವಾ’ ಅಂದ ಹಾಗೆ. ಸರಿ, ರಾಣಿಯಾದ ಮೇಲೆ ಕೇಳುವುದಕ್ಕೇನು.

‘ಪಟ್ಟಿಯಲ್ಲಿರೋರೆಲ್ಲ ಬಂದ್ರಾ?’

‘ಇನ್ನೂ ಐದು ನಿಮಿಷ ಇದೆ.’

‘ಬರದೆ ಇದ್ರೆ ಆ ಜಾಗ ನಮ್ಮದು. ಬಂದ್ರೂ ಪರವಾಗಿಲ್ಲ, ನಾನು ಜಾಗ ತಿನ್ನೋದಿಲ್ಲ. ನಲವತ್ತು ವರ್ಷದ ಹತ್ತಿರ ಪಂಪು ರಿಪೇರಿ ಮಾಡಿದ್ದೀನಿ. ನಿಮ್ಮ ಪಂಪು ಕೆಟ್ರೆ ಬಿಟ್ಟಿ ನೋಡಿಕೊಡ್ತೀನಿ.’

ಟೆರಿ ನನ್ನ ಸೀರೆ ನೋಡಿದ, ಷೂ ನೋಡಿದ, ಆಮೇಲೆ ಗಡಿಯಾರ ನೋಡಿದ. ಇಬ್ಬರು ಬರಲೇ ಇಲ್ಲ. ‘ಬನ್ನಿ, ಕ್ವೀನ್’ ಎಂದು ಎರಡು ಹೆಲ್ಮೆಟ್ ಕೊಟ್ಟ. ನನ್ನದು ತುರುಬಿನ ಮೇಲೆ ಕೂರದೆ ಗಡಿಗೆಯಂತೆ ಅಲುಗಿತು. ನಂದಿನಿ ತುರುಬು ಬಿಚ್ಚಿ ಜಡೆ ಹೆಣೆದಳು. ಅವಳ ಬೆರಳು ತಣ್ಣಗಿದ್ದವು.

ಟೆರಿ ಕಥೆ ಶುರುಮಾಡಿದ. ಹಿಂದೆ ಆಚೆ ದಡದ ಮಠದ ಸನ್ಯಾಸಿಗಳು ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದರಂತೆ. ಮಂಜು ಕವಿದರೆ, ಗಾಳಿ ಎದ್ದರೆ ದಾಟುವವರು ಮಠದಲ್ಲೇ ಉಳಿಯಬೇಕು. ಆಮೇಲೆ ಉಗಿಹಡಗು. ಆಮೇಲೆ, ವಿಕ್ಟೋರಿಯಾ ರಾಣಿಯ ಕಾಲದಲ್ಲೇ, ನದಿಯ ಕೆಳಗೆ ರೈಲು. ಆದರೆ ಅದು ಕಲ್ಲಿದ್ದಲ ರೈಲು. ನದಿಯಡಿಯ ಕೊಳವೆಯೊಳಗೆ ಹೊಗೆ ಬಿಟ್ಟರೆ ಏನಾಗಬೇಕು? ಕೆಮ್ಮಿ ಕೆಮ್ಮಿ ಸಾಕಾದ ಜನ ಮತ್ತೆ ದೋಣಿಗೇ ಹೋದರು. ಕರೆಂಟಿನ ರೈಲು ಬಂದ ಮೇಲೆಯೇ ತಿರುಗಿ ಬಂದದ್ದು. ಗಿರಾಕಿ ಎಲ್ಲ ಕಡೆಯೂ ಒಂದೇ.

ಕಾರು, ಲಾರಿ ಹೆಚ್ಚಿದ ಮೇಲೆ ರಸ್ತೆಯ ಸುರಂಗ. ಎರಡು ದಡದಿಂದಲೂ ಏಕಕಾಲಕ್ಕೆ ನದಿಯ ಕೆಳಗಿನ ಕೆಂಪು ಮರಳುಗಲ್ಲನ್ನು ಕೊರೆಯುತ್ತ ಬಂದರು. ನಡುವಿನಲ್ಲಿ ಕೊನೆಯ ತೆಳು ಗೋಡೆ ಒಡೆದಾಗ ಎರಡು ತುದಿಗಳೂ ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಕೂಡಿಕೊಂಡವು. ಎರಡೂ ಊರಿನ ಮೇಯರ್‌ಗಳು ಆ ತೂತಿನಲ್ಲೇ ಕೈ ಚಾಚಿ ಕುಲುಕಿದರು. ನಾನು ಅಲ್ಲೇ ನಿಂತುಬಿಟ್ಟೆ. ನಮ್ಮಲ್ಲಿ ಒಂದೇ ಹೊಲದಲ್ಲಿ ಎರಡು ಕಡೆಯಿಂದ ಪೈಪಿನ ಕಾಲುವೆ ತೋಡಿಕೊಂಡು ಬಂದವರು ಮೂರು ಮಾರು ಆಚೀಚೆಯಾಗಿ, ತಪ್ಪು ಯಾರದೆಂದು ಪಂಚಾಯಿತಿ ಸೇರಿಸಿದ್ದನ್ನು ಕಂಡವಳು ನಾನು. ಇವರು ಆಕಾಶ ಕಾಣದೆ, ಮೇಲೆ ಹಡಗು ಓಡಾಡುವಾಗ, ಕತ್ತಲಲ್ಲಿ ಒಬ್ಬರಿಗೊಬ್ಬರು ಎದುರಾಗಿದ್ದಾರೆ. ಕೆಲವರು ಒಳಗೇ ಸತ್ತರು ಎಂದು ಟೆರಿ ಟೋಪಿ ಮುಟ್ಟಿಕೊಂಡ. ಅಗೆದ ಕಲ್ಲನ್ನೂ ಬಿಸಾಡಲಿಲ್ಲವಂತೆ, ನದಿದಂಡೆಗೆ ಸುರಿದು ಜನ ಗಾಳಿ ಸೇವಿಸಲು ಹಾದಿ ಮಾಡಿದರಂತೆ. ಅದನ್ನು ಕೇಳಿ ಇವರ ಮೇಲಿನ ಗೌರವ ಇನ್ನೂ ಹೆಚ್ಚಿತು.

ರಸ್ತೆಯ ಕೆಳಗೆ

ಬೀಸಣಿಗೆಯ ಕೋಣೆಯಲ್ಲಿ ಮನೆಯಷ್ಟು ಎತ್ತರದ ಚಕ್ರಗಳಿದ್ದವು. ಅವುಗಳ ಬೇರಿಂಗಿಗೆ ಕೈ ಇಡಲು ಹೋಗಿ ಬೈಸಿಕೊಂಡೆ. ಅಲ್ಲಿಂದ ಮೆಟ್ಟಿಲು ಕೆಳಕ್ಕೆ, ಇನ್ನೂ ಕೆಳಕ್ಕೆ. ನಂದಿನಿ ನನ್ನ ಸೆರಗಿನ ತುದಿ ಹಿಡಿದಿದ್ದಳು. ಮೊದಲು ಸೀರೆ ಮೆಟ್ಟಿಲಿಗೆ ಸಿಕ್ಕಿದೆ ಎಂದುಕೊಂಡು ಎಳೆದೆ, ಆಮೇಲೆ ಬಿಟ್ಟೆ.

ಸುರಂಗವೆಂದರೆ ಒಂದು ದೊಡ್ಡ ದುಂಡು ಕೊಳವೆ, ಎರಕದ ಕಬ್ಬಿಣದ ತುಂಡುಗಳನ್ನು ಬೋಲ್ಟು ಹಾಕಿ ಕೂಡಿಸಿದ್ದು. ಕಾರು ಓಡುವ ರಸ್ತೆ ಇರುವುದು ಅದರ ನಡುಮಟ್ಟದಲ್ಲಿ. ರಸ್ತೆಯ ಕೆಳಗೂ ಅರ್ಧ ಕೊಳವೆ ಖಾಲಿ ಉಳಿದಿದೆ. ಅದರಲ್ಲಿ ಟ್ರ್ಯಾಮ್ ಓಡಿಸಬೇಕೆಂದಿದ್ದರಂತೆ, ಓಡಿಸಲೇ ಇಲ್ಲ. ಈಗ ಅಲ್ಲಿ ಕೇಬಲ್ಲುಗಳು, ಮತ್ತು ಮೇಲೆ ಬೆಂಕಿ ಬಿದ್ದರೆ ಜನ ಇಳಿದು ಬಂದು ಕೂರಲು ಕೋಣೆಗಳಿವೆ. ಅಂಥ ಕೋಣೆಯೊಂದರಲ್ಲಿ ನಮ್ಮನ್ನು ನಿಲ್ಲಿಸಿದ. ತಲೆಯ ಮೇಲೆ ಕಾರುಗಳು ಗುಡುಗುಡು ಎಂದು ಹೋಗುವುದು ಕೇಳಿಸುತ್ತಿತ್ತು. ಅವುಗಳ ಮೇಲೆ ಕಬ್ಬಿಣ, ಅದರ ಮೇಲೆ ಬಂಡೆ, ಬಂಡೆಯ ಮೇಲೆ ಇಡೀ ಮರ್ಸಿ, ಮರ್ಸಿಯ ಮೇಲೆ ಹಡಗು. ಇಷ್ಟು ವರ್ಷ ನೀರಿನ ವ್ಯಾಪಾರ ಮಾಡಿದವಳು ನಾನು. ಆಶ್ಚರ್ಯಕ್ಕೆ ಕೈ ಮುಗಿದಿದ್ದೆನಂತೆ, ನಂದಿನಿ ಆಮೇಲೆ ಹೇಳಿದಳು.

ಒಬ್ಬ ಪ್ರವಾಸಿ ಕೇಳಿದ: ‘ಇದು ಸೋರುತ್ತದೆಯೇ?’

‘ಸೋರುತ್ತೆ’ ಎಂದ ಟೆರಿ, ಊಟವಾಯಿತೇ ಎಂದರೆ ಆಯಿತು ಎನ್ನುವಷ್ಟು ಸಲೀಸಾಗಿ. ‘ಕಟ್ಟಿದ ದಿನದಿಂದ ಸೋರುತ್ತಿದೆ. ಸೋರಿದ್ದನ್ನು ಪಂಪು ಎತ್ತಿ ಹಾಕುತ್ತೆ.’

ನನ್ನ ವ್ಯಾಪಾರ ಅಲ್ಲಿಗೆ ಮುರಿಯಿತು ಎಂದುಕೊಂಡೆ. ನಂದಿನಿ ಬಿಳಿಚಿಕೊಂಡಳು.

‘ದೊಡ್ಡವ್ವ, ಸೋರುತ್ತಂತೆ.’

‘ಎಲ್ಲಾ ಬಾವೀನೂ ಸೋರ್ತಾವ, ಸುಮ್ಮನಿರು’ ಎಂದೆ. ಅದು ಉತ್ತರವಲ್ಲ ಎಂದು ನನಗೇ ಗೊತ್ತಿತ್ತು.

ಟೆರಿ ನಮ್ಮನ್ನು ಓಣಿಯಂಥ ದಾರಿಯ ತುದಿಗೆ ಕರೆದೊಯ್ದ. ಕಬ್ಬಿಣದ ಜಾಲರಿಯ ಕೆಳಗೆ ಒಂದು ಗುಂಡಿ. ಸೋರಿದ ನೀರೆಲ್ಲ ಹರಿದು ಬಂದು ಸೇರುವುದು ಅಲ್ಲಿ. ದೀಪದ ಬೆಳಕಿನಲ್ಲಿ ಕಪ್ಪಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಪಂಪು ಗುಂಯ್‌ಗುಡುತ್ತಿತ್ತು, ಕಿವಿಗೊಟ್ಟು ಕೇಳಿದೆ, ಒಳ್ಳೆಯ ಪಂಪು. ಇದು ನದಿಯ ನೀರು, ನದಿ ನಮ್ಮನ್ನು ನೋಡಲು ಇಳಿದು ಬಂದಿದೆ ಎನ್ನಿಸಿತು. ಹರಿಹರದ ಸೇತುವೆ ಬಂದಾಗಲೆಲ್ಲ ನಮ್ಮವ್ವ ಬಸ್ಸಿನ ಕಿಟಕಿಯಿಂದ ತುಂಗಭದ್ರೆಗೆ ಕಾಸು ಹಾಕಿಸುತ್ತಿದ್ದಳು. ಅಂದಿನಿಂದ ನದಿ ಕಂಡರೆ ನನ್ನ ಕೈ ತಾನೇ ಚೀಲಕ್ಕೆ ಹೋಗುತ್ತದೆ. ಹೋಯಿತು. ಊರಿನ ಒಂದು ನಾಣ್ಯ ಸಿಕ್ಕಿತು. ಕಣ್ಣು ಮುಚ್ಚಿ, ಈ ಹುಡುಗಿಗೆ ದಾರಿ ಕೊಡು ತಾಯಿ ಎಂದು ಜಾಲರಿಯೊಳಗೆ ಬಿಟ್ಟೆ.

ಟಿಣ್. ಆಮೇಲೆ ಬುಳಕ್.

ಕಣ್ಣು ಬಿಟ್ಟಾಗಲೇ ತಿಳಿದದ್ದು, ನಾನು ಎಂಥ ಮೂರ್ಖಳು ಎಂದು. ಗಂಗೆಪೂಜೆ ಮಾಡಿ ಬಾವಿಗೆ ಕಾಸು ಹಾಕಿ, ಮೂರು ದಿನಕ್ಕೆ ಒಳಚಕ್ರದ ಹಲ್ಲು ಮುರಿದ ಪಂಪು ಹೊತ್ತು ತರುವ ಗಿರಾಕಿಗಳನ್ನು ನಾನು ಬಯ್ಯದ ವರ್ಷವಿಲ್ಲ. ನನ್ನ ಅಂಗಡಿಯ ಗೋಡೆಯ ಮೇಲೇ ಬರೆಸಿದ್ದೇನೆ: ಕಾಸು ಹಾಕಿದ ಪಂಪಿಗೆ ಗ್ಯಾರಂಟಿ ಇಲ್ಲ.

ಟೆರಿಯ ನಗು ಆರಿತು. ‘ಏನು ಬಿತ್ತು, ಕ್ವೀನ್?’

ಸುಳ್ಳು ಹೇಳಬಹುದಿತ್ತು. ಪಂಪಿನವಳಾಗಿ ಹೇಳಲಾಗಲಿಲ್ಲ. ‘ನಾಣ್ಯ. ಸ್ಟೀಲಿನದು. ನಾನೇ ಹಾಕಿದೆ.’

ಗೋಡೆಯ ಫೋನ್ ಎತ್ತಿ ಟೆರಿ ಎರಡೇ ಮಾತು ಹೇಳಿದ. ನೀರಿಗೆ ಏನೇ ಬಿದ್ದರೂ ತೆಗೆಯುವವರೆಗೆ ಯಾರೂ ಮುಂದೆ ಹೋಗುವಂತಿಲ್ಲ, ಅದು ಅಲ್ಲಿಯ ಪದ್ಧತಿ. ಗುಂಪಿನವರು ನನ್ನನ್ನು ನೋಡಿದರು. ನಂದಿನಿ ಕಂಬಿ ಹಿಡಿದು ನಿಂತಳು. ಒಂದು ತಾಸಿನ ಒಪ್ಪಂದ ಮಾಡಿ ಕರೆತಂದವಳು ನಾನು, ಈಗ ನನ್ನಿಂದಲೇ ಅವಳು ಮತ್ತೆ ನದಿಯಡಿ ಸಿಕ್ಕಿಕೊಂಡಿದ್ದಾಳೆ. ಅವಳ ಕೈ ಹಿಡಿಯಲು ಹೋದೆ, ಬೇಡವೆಂದು ತಲೆಯಾಡಿಸಿದಳು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದಳು.

ಅವಳು ಇನ್ನೂರು ಎಣಿಸುವುದರೊಳಗೆ ಮೆಟ್ಟಿಲಲ್ಲಿ ಬೂಟಿನ ಸದ್ದಾಯಿತು. ನೀಲಿ ಅಂಗಿ ತೊಟ್ಟ ನಡುವಯಸ್ಸಿನ ಹೆಂಗಸು, ಜೋ ಎಂದು ಹೆಸರು, ಆ ಪಾಳಿಯ ಫಿಟ್ಟರು. ನಮ್ಮ ಜಿಲ್ಲೆಯಲ್ಲಿ ಈ ಕಸುಬಿನಲ್ಲಿ ನನ್ನ ಬಿಟ್ಟರೆ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ, ಅಪ್ಪಿಕೊಳ್ಳಬೇಕೆನ್ನಿಸಿತು. ಅವಳಿಗೆ ಅಂಥ ಇಚ್ಛೆಯೇನೂ ಇದ್ದಂತಿರಲಿಲ್ಲ. ಪಂಪು ನಿಲ್ಲಿಸಿದಳು. ತಕ್ಷಣ ಪಕ್ಕದ್ದು ತಾನಾಗಿ ಶುರುವಾಯಿತು. ಜಾಲರಿ ಎತ್ತಿ, ಹಗ್ಗಕ್ಕೆ ಕಟ್ಟಿದ ಅಯಸ್ಕಾಂತವನ್ನು ಕೆಳಗೆ ಬಿಟ್ಟಳು.

ನಂದಿನಿ ಎಣಿಸುವುದನ್ನು ನಿಲ್ಲಿಸಿದ್ದಳು.

‘ಈ ಎರಡನೇದೂ ನಿಂತ್ರೆ?’ ಎಂದು ಕೇಳಿದಳು.

‘ಮೇಲೆ ಅಲಾರಂ ಹೊಡೆಯುತ್ತೆ, ನಾನು ಬರ್ತೀನಿ’ ಎಂದಳು ಜೋ, ಹಗ್ಗ ಆಡಿಸುತ್ತಲೇ.

‘ಅಲಾರಂ ಕೆಟ್ಟಿದ್ರೆ?’

‘ಕೆಟ್ಟಿದೆಯಾ ಅಂತ ಪ್ರತಿ ಪಾಳಿಯ ಶುರುವಿನಲ್ಲಿ ಬಾರಿಸಿ ನೋಡ್ತೀವಿ.’

‘ಪಾಳಿ ಬದಲಾಗುವಾಗ ಹ್ಯಾಂಡೋವರ್ ಬಾಯಲ್ಲೋ, ಬರೆದೋ?’

ಜೋ ಮೊದಲ ಸಲ ತಲೆಯೆತ್ತಿ ನಂದಿನಿಯನ್ನು ಸರಿಯಾಗಿ ನೋಡಿದಳು. ‘ಎರಡೂ. ಬರೆದದ್ದನ್ನ ನಾನು ಓದಿ ಹೇಳ್ತೀನಿ, ಬಂದವರು ತಿರುಗಿ ಹೇಳ್ತಾರೆ. ಆಮೇಲೇ ನಾನು ಮನೆಗೆ. ನೀವು ಯಾವ ಕೆಲಸದವರು?’

‘ಅನಸ್ತೇಷಿಯಾ.’

‘ಹಾಗಾದ್ರೆ ನಿಮಗೆ ನಾನು ಹೇಳೋದೇನಿದೆ’ ಎಂದು ಜೋ ಮತ್ತೆ ಗುಂಡಿಗೆ ಬಾಗಿದಳು.

ನಂದಿನಿ ಬಿಡಲಿಲ್ಲ. ಕ್ರಿಸ್‌ಮಸ್ ದಿನ ಯಾರು, ಪಾಳಿಯ ಪಟ್ಟಿ, ಅವರ ಮಾತಿನಲ್ಲಿ ರೋಟಾ, ಯಾರು ಬರೆಯುತ್ತಾರೆ, ಇಬ್ಬರು ರಜೆ ಹಾಕಿದರೆ ಏನು ಗತಿ. ಮಾತಿಗೆ ಮಾತು ಬೆಳೆದು ಇಬ್ಬರೂ ರೋಟಾ ಬರೆಯುವವರನ್ನು ಬಯ್ಯತೊಡಗಿದರು. ತಲೆಯ ಮೇಲೆ ನದಿ ಹರಿಯುತ್ತಿದೆ, ಈಕೆ ರಜೆಯ ವಿಷಯ ಮಾತಾಡುತ್ತಿದ್ದಾಳೆ! ನಿನ್ನೆಯಿಂದ ನಾನು ಜೋಡಿಸಿಟ್ಟುಕೊಂಡಿದ್ದ ವಾದಗಳಲ್ಲಿ ಒಂದನ್ನೂ ಬಿಚ್ಚಬೇಕಾಗಲಿಲ್ಲ.

ಹತ್ತು ನಿಮಿಷದಲ್ಲಿ ನಾಣ್ಯ ಅಯಸ್ಕಾಂತಕ್ಕೆ ಅಂಟಿ ಮೇಲೆ ಬಂತು. ಜೋ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ವೇಳೆ ಬರೆದು, ಪುಸ್ತಕದಲ್ಲಿ ನನ್ನ ಸಹಿ ಹಾಕಿಸಿಕೊಂಡಳು. ನಾನು ಕನ್ನಡದಲ್ಲೇ ಸಹಿ ಹಾಕಿದೆ. ಮರ್ಸಿ ನದಿಯಡಿಯ ಆ ಪುಸ್ತಕದಲ್ಲಿ ರಾಣೆಬೆನ್ನೂರಿನವಳ ತಪ್ಪೊಪ್ಪಿಗೆ ಇದೆ. ಮೂರನೆಯ ಸಲಹೆ ಏನೆಂದು ನಿಮಗೀಗ ತಿಳಿದಿರಬೇಕು.

ಸುರಂಗದೊಳಗೆ, ಮಧ್ಯಾಹ್ನ

ಹೊರಗೆ ಬಂದು ಕಾರಿನಲ್ಲಿ ಕೂತೆವು. ನಂದಿನಿ ಬೆಲ್ಟು ಬಿಗಿದು ಸ್ಟೀರಿಂಗ್ ಹಿಡಿದಳು.

‘ದೊಡ್ಡವ್ವ, ಈಗ ಹೋಗ್ತೀನಿ. ನೀನು ಮಾತಾಡಬಾರದು. ಧೈರ್ಯ ಹೇಳಬಾರದು. ಹಾಡಬಾರದು.’

‘ನಾ ಯಾವಾಗ ಹಾಡೇನಿ?’

‘ಇದೇ, ಇದೇ ಬೇಡ.’

ಬಾಯಿ ಮುಚ್ಚಿದೆ. ಊರ ನಡುವೆ ಸುರಂಗದ ದೊಡ್ಡ ಕಲ್ಲಿನ ಬಾಯಿ. ಬೆಳಕು ಹಿಂದೆ ಉಳಿಯಿತು. ರಸ್ತೆ ಇಳಿಯುತ್ತ ಹೋಯಿತು, ಕಿವಿ ಗವ್ವೆಂದಿತು. ದೀಪದ ಸಾಲು ಓಡಿ ಬಂದು ಹಿಂದಕ್ಕೆ ಹೋಗುತ್ತಿತ್ತು. ಇದೀಗ ನದಿಯ ಕೆಳಗೆ ಇರಬೇಕು ಎಂದು ನಾನು ಲೆಕ್ಕ ಹಾಕುವಾಗಲೇ ಮುಂದಿನ ಕಾರುಗಳ ಕೆಂಪು ದೀಪ ಹತ್ತಿದವು. ಅಂದು ಫುಟ್‌ಬಾಲ್ ಪಂದ್ಯ ಇತ್ತಂತೆ. ಸಾಲು ನಿಧಾನವಾಯಿತು, ನಿಂತಿತು.

ಹೇಳಲು ಸಂಕೋಚವೇನಿಲ್ಲ, ಎದೆ ಬಿಗಿದದ್ದು ನನಗೆ. ಕೆಳಗೆ ನಿಂತಾಗ ಬೆರಗಾಗಿದ್ದ ನದಿ ಈಗ ಭಾರವಾಯಿತು. ಮಾತಾಡಬಾರದೆಂಬ ಕಟ್ಟಳೆ ಬೇರೆ. ಸೀಟಿನ ಅಂಚನ್ನು ಹಿಡಿದುಕೊಂಡೆ. ನಂದಿನಿ ಓರೆಗಣ್ಣಿನಲ್ಲಿ ಕಂಡಳೆಂದು ತೋರುತ್ತದೆ.

‘ಉಸಿರು ಒಳಗೆ ಎಳೀಬೇಡ ದೊಡ್ಡವ್ವ, ಹೊರಗೆ ಬಿಡು. ನಿಧಾನ. ಇನ್ನೂ ಇದೆ, ಬಿಡು. ಹಾಂ, ಈಗ ತಗೋ.’

ಎಷ್ಟು ಜನ ಕಣ್ಣು ಮುಚ್ಚುವ ಮುಂಚೆ ಈ ದನಿಯನ್ನು ಕೇಳಿರಬಹುದು! ನಾನು ಬಿಟ್ಟೆ, ತೆಗೆದುಕೊಂಡೆ. ಅವಳ ಹಣೆಯ ಮೇಲೂ ಬೆವರಿತ್ತು, ತನಗೂ ಅದೇ ಹೇಳಿಕೊಳ್ಳುತ್ತಿದ್ದಳು. ಸಾಲು ಅಲುಗಿತು. ರಸ್ತೆ ಏರತೊಡಗಿತು. ಆಚೆ ತುದಿಯಲ್ಲಿ ಹಗಲು ಕಂಡಿತು.

ಆಚೆ ದಡ

ಬರ್ಕನ್‌ಹೆಡ್ ಎಂಬ ಊರು. ಸುಂಕದ ಗೇಟು ದಾಟಿ ರಸ್ತೆಯ ಬದಿಗೆ ಒಂದು ಬೆಂಚು ಕಂಡೊಡನೆ ನಂದಿನಿ ಕಾರು ನಿಲ್ಲಿಸಿದಳು. ಚಹಾ ಕುಡಿಯೋಣ ಎನ್ನುತ್ತಾಳೆ ಎಂದುಕೊಂಡೆ.

‘ಇಳಿ ದೊಡ್ಡವ್ವ.’

‘ನೀನು?’

‘ಆನ್-ಕಾಲ್ ದಿನ ನೀನು ಪಕ್ಕದಲ್ಲಿ ಇರಲ್ಲ.’

ಮಾತಿಗೆ ಎಡೆಯೇ ಕೊಡದೆ ಕಾರು ತಿರುಗಿಸಿ, ಬಂದ ಬಾಯಿಯೊಳಗೇ ಹೋದಳು. ನಾನು ಬೆಂಚಿನ ಮೇಲೆ ಕೂತೆ. ಅಲ್ಲಿಂದ ನದಿ ಕಾಣುವುದಿಲ್ಲ, ಮನೆಗಳ ಹಿಂದಿದೆ. ಹಡಗೊಂದು ಕೂಗಿದ್ದು ಮಾತ್ರ ಕೇಳಿತು. ಆ ಹಡಗಿನ ಕೆಳಗೆ, ಎಲ್ಲೋ, ಒಬ್ಬಳೇ ನಮ್ಮ ಹುಡುಗಿ. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬಳು ಹವೆಯ ಮಾತೆತ್ತಿದಳು. ‘ಹೌದು’ ಎಂದೆ. ಹೊರಬರುವ ಒಂದೊಂದೇ ಕಾರನ್ನು ನೋಡುತ್ತಿದ್ದೆ. ಕೆಂಪು, ಕಪ್ಪು, ವ್ಯಾನು, ಮತ್ತೆ ಕಪ್ಪು. ನಮ್ಮ ಕಾರು ನೀಲಿ.

ಶೋಭಾ ಫೋನ್ ಮಾಡಿದಳು. ಎತ್ತಲಿಲ್ಲ. ಏನು ಹೇಳಲಿ?

ಗಡಿಯಾರ ನೋಡಬಾರದೆಂದುಕೊಂಡು ನೋಡಿದೆ. ಹನ್ನೆರಡು ನಿಮಿಷ. ಹದಿನೇಳು. ಅಲ್ಲೇ ಲಿವರ್‌ಪೂಲ್ ದಡದಲ್ಲಿ ನಿಂತುಬಿಟ್ಟಿದ್ದರೆ? ಸೇತುವೆ ಸುತ್ತಿ ಬರುತ್ತಿದ್ದರೆ? ಬಂದರೂ ಬರಲಿ, ಮಾತು ಕೊಟ್ಟಂತೆ ಅವಳ ಪಾರ್ಟಿಯೇ ನಾನು ಎಂದು ಮನಸ್ಸಿನಲ್ಲೇ ಶೋಭಾಳ ಮುಂದೆ ನಿಂತು ವಾದಿಸುತ್ತಿದ್ದೆ. ಆ ಹೊತ್ತಿಗೆ ಹಗಲಿನಲ್ಲೂ ದೀಪ ಉರಿಸಿಕೊಂಡು ನೀಲಿ ಕಾರು ಹೊರಗೆ ಬಂತು.

ನಾನು ಎದ್ದು ನಿಂತೆ. ಚೀಲ ಹೆಗಲಿಗೇರಿಸಿದೆ. ಕಾರು ಹತ್ತಿರ ಬಂತು, ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ನಂದಿನಿ ಸ್ಟೀರಿಂಗಿನಿಂದ ಒಂದು ಕೈ ಎತ್ತಿ, ‘ಇನ್ನೊಂದು ಸಲ’ ಎಂಬಂತೆ ಒಂದು ಬೆರಳು ತೋರಿಸಿ, ಅಲ್ಲೇ ತಿರುಗಿಸಿಕೊಂಡು ಮತ್ತೆ ಸುಂಕದ ಗೇಟಿನ ಕಡೆ ಹೊರಟಳು.

ಫೋನ್ ಮತ್ತೆ ಹೊಡೆದುಕೊಂಡಿತು. ಈ ಸಲ ಎತ್ತಿದೆ.

‘ಏನಂತಾಳ ಅಕ್ಕಾ? ಹೂಂ ಅಂದ್ಲಾ?’

‘ಇನ್ನೂ ಏನೂ ಅಂದಿಲ್ಲ’ ಎಂದು ನಾನು ಬೆಂಚಿನ ಮೇಲೆ ಮತ್ತೆ ಕೂತೆ. ‘ಮತ್ತ ಒಳಗ ಹೋದ್ಲು.’